ಅನ್ನದ ಋಣವೂ ಮತದ ಧರ್ಮವೂ

ಉಂಡ ಮನೆಗೆ ಎರಡು ಬಗೆಯಬಾರದೆಂಬುದು ಕನ್ನಡ ನಾಡಿನ ಹಿರಿಯರು ಮಕ್ಕಳಿಗೆ ಅನ್ನದೊಡನೆಯೇ ಉಣಿಸಿದ ನೀತಿ. ಕಷ್ಟಕಾಲದಲ್ಲಿ ಒಂದು ಸೇರು ಜೋಳವನ್ನು ಕೊಟ್ಟವನನ್ನು ಮೂರು ತಲೆಮಾರಿನವರೆಗೆ ನೆನೆಯುವ ಮನೆತನಗಳು ಹಳ್ಳಿಗಳಲ್ಲಿ ಇಂದಿಗೂ ಉಂಟು. ಎಲ್ಲ ಪಾಪಗಳಿಗೂ ಪ್ರಾಯಶ್ಚಿತ್ತವಿರಬಹುದು, ಕೃತಘ್ನತೆಗೆ ಮಾತ್ರ ಇಲ್ಲವೆಂದು ಇತಿಹಾಸ ಪುರಾಣಗಳೂ ಸಾರುತ್ತವೆ. ಇಂತಹ ನೀತಿಯಲ್ಲಿ ಬೆಳೆದ ಸದ್ಭಕ್ತನ ಮುಂದೆ ಇಂದು ಹೊಸತೊಂದು ಪ್ರಶ್ನೆ ಬಂದು ನಿಂತಿದೆ. ಸರಕಾರದ ಅಕ್ಕಿಯನ್ನುಂಡ ಬಾಯಿ, ಸರಕಾರದ ಹಣವನ್ನು ಪಡೆದ ಕೈ, ಚುನಾವಣೆಯ ದಿನ ಅದನ್ನು ಕೊಟ್ಟ ಪಕ್ಷಕ್ಕೇ ಮತವನ್ನು ನೀಡಬೇಕೇ? ನೀಡದಿದ್ದರೆ ಅದು ಉಪ್ಪಿಗೆ ಬಗೆದ ದ್ರೋಹವಾಗುವುದೇ?

ಪ್ರಶ್ನೆಯು ಹಗುರವಾದುದಲ್ಲ. ಲಕ್ಷ್ಮೇಶ್ವರ ತಾಲೂಕಿನ ಯಳವತ್ತಿಯಂತಹ ಊರನ್ನು ನೆನೆದುಕೊಂಡರೆ ಅದರ ತೂಕವು ತಿಳಿಯುತ್ತದೆ. ಕವಿರಾಜಮಾರ್ಗಕಾರನು ಕನ್ನಡದ ತಿರುಳಿನ ನೆಲೆಗಳಲ್ಲೊಂದೆಂದು ಎಣಿಸಿದ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ. ಆ ಸೀಮೆಯ ಒಕ್ಕಲುಮಕ್ಕಳು ಬಹುಮಟ್ಟಿಗೆ ಮಳೆಯನ್ನೇ ನಂಬಿ ಜೋಳ, ಕಡಲೆ, ಹತ್ತಿ, ಮೆಣಸಿನಕಾಯಿಗಳನ್ನು ಬೆಳೆಯುವವರು. ೨೦೨೩ರಲ್ಲಿ ಮಳೆ ಕೈಕೊಟ್ಟಾಗ ರಾಜ್ಯದ ೨೩೬ ತಾಲೂಕುಗಳಲ್ಲಿ ೨೨೩ ತಾಲೂಕುಗಳನ್ನು ಬರಪೀಡಿತವೆಂದು ಸರಕಾರವು ಸಾರಬೇಕಾಯಿತು. ಅಂತಹ ವರ್ಷದಲ್ಲಿ ತಿಂಗಳಿಗೆ ಬರುವ ಅಕ್ಕಿಯೂ ಎರಡು ಸಾವಿರ ರೂಪಾಯಿಯೂ ಬಡವರ ಮನೆಯಲ್ಲಿ ಒಲೆಯ ಮೇಲಿನ ಮಡಕೆಯ ಮಾತಾಗಿರುತ್ತವೆ. ಆದುದರಿಂದ, ಹೊಟ್ಟೆ ತುಂಬಿದವನು ದೂರದಲ್ಲಿ ಕುಳಿತು ಈ ಪ್ರಶ್ನೆಗೆ ಸುಲಭವಾದ ಉತ್ತರವನ್ನು ಹೇಳುವುದು ಧರ್ಮವಾಗಲಾರದು.

ಮೊದಲು ನಡೆದ ಸಂಗತಿಗಳನ್ನು ನೋಡಬೇಕು. ೨೦೨೩ರ ಮೇ ೧೦ರಂದು ನಡೆದ ವಿಧಾನಸಭೆಯ ಚುನಾವಣೆಗೆ ಮುಂಚೆ ಕಾಂಗ್ರೆಸ್ ಪಕ್ಷವು ಐದು ಗ್ಯಾರಂಟಿಗಳನ್ನು ಘೋಷಿಸಿತು. ಮನೆಗೆ ೨೦೦ ಯೂನಿಟ್‌ವರೆಗೆ ಉಚಿತ ವಿದ್ಯುತ್ತು, ಮನೆಯ ಯಜಮಾನಿಗೆ ತಿಂಗಳಿಗೆ ೨೦೦೦ ರೂಪಾಯಿ, ಬಡವರಿಗೆ ತಲೆಗೆ ೧೦ ಕಿಲೋ ಅಕ್ಕಿ, ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ, ಉದ್ಯೋಗ ದೊರೆಯದ ಪದವೀಧರರಿಗೆ ತಿಂಗಳಿಗೆ ೩೦೦೦ ರೂಪಾಯಿ ಎಂಬುವು ಅವು. ಭಾರತೀಯ ಜನತಾ ಪಕ್ಷವು ಬಡ ಕುಟುಂಬಗಳಿಗೆ ದಿನಕ್ಕೆ ಅರ್ಧ ಲೀಟರು ನಂದಿನಿ ಹಾಲನ್ನೂ ವರ್ಷಕ್ಕೆ ಮೂರು ಅಡುಗೆ ಅನಿಲದ ಸಿಲಿಂಡರುಗಳನ್ನೂ ಕೊಡುವೆನೆಂದಿತು. ಜನತಾದಳವೂ ಬರಿಗೈಯಲ್ಲಿ ಬರಲಿಲ್ಲ. ಹೀಗೆ ಕೊಡುವೆನೆಂಬ ಮಾತಿನಲ್ಲಿ ಪಕ್ಷಕ್ಕೂ ಪಕ್ಷಕ್ಕೂ ಇದ್ದುದು ವಸ್ತುಭೇದವೇ ಹೊರತು ತತ್ತ್ವಭೇದವಲ್ಲ.

ಫಲವೇನಾಯಿತು? ರಾಜ್ಯದಲ್ಲಿ ಕಾಂಗ್ರೆಸ್ಸು ೧೩೫ ಸ್ಥಾನಗಳನ್ನು ಗೆದ್ದಿತು. ಆದರೆ ಯಳವತ್ತಿಯನ್ನೊಳಗೊಂಡ ಶಿರಹಟ್ಟಿ ಕ್ಷೇತ್ರವು ಭಾರತೀಯ ಜನತಾ ಪಕ್ಷದವರನ್ನೇ ಆರಿಸಿ ಕಳುಹಿತು. ಮುಂದಿನ ವರ್ಷ, ಗ್ಯಾರಂಟಿಗಳು ಮನೆಮನೆಗೆ ತಲುಪಿದ ಮೇಲೆ, ೨೦೨೪ರ ಲೋಕಸಭೆಯ ಚುನಾವಣೆಯಲ್ಲಿ ರಾಜ್ಯದ ೨೮ ಸ್ಥಾನಗಳಲ್ಲಿ ಆಳುವ ಪಕ್ಷಕ್ಕೆ ದೊರೆತವು ೯ ಮಾತ್ರ. ಶಿರಹಟ್ಟಿಯು ಸೇರಿರುವ ಹಾವೇರಿ ಕ್ಷೇತ್ರವೂ ಅದಕ್ಕೆ ದೊರೆಯಲಿಲ್ಲ. ೨೦೧೩ರಲ್ಲಿ ಅನ್ನಭಾಗ್ಯವನ್ನು ಆರಂಭಿಸಿದ ಸರಕಾರಕ್ಕೆ ೨೦೧೮ರಲ್ಲಿ ಬಹುಮತವು ಬರಲಿಲ್ಲ. ನೆರೆಯ ತೆಲಂಗಾಣದಲ್ಲಿ ರೈತರಿಗೆ ಎಕರೆಯ ಲೆಕ್ಕದಲ್ಲಿ ಹಣ ಹಂಚಿದ ಸರಕಾರವು ೨೦೨೩ರಲ್ಲಿ ಸೋತಿತು. ಅದೇ ವರ್ಷ ಮಧ್ಯಪ್ರದೇಶದಲ್ಲಿಯೂ, ೨೦೨೪ರಲ್ಲಿ ಮಹಾರಾಷ್ಟ್ರದಲ್ಲಿಯೂ ಹೆಣ್ಣುಮಕ್ಕಳ ಖಾತೆಗೆ ಹಣ ಹಾಕಿದ ಸರಕಾರಗಳು ಗೆದ್ದವು. ಕೊಡುಗೆಗೂ ಮತಕ್ಕೂ ಸಂಬಂಧವೇ ಇಲ್ಲವೆಂದು ಇದರಿಂದ ಹೇಳಲಾಗದು. ಆದರೆ ಅದು ತಕ್ಕಡಿಯಲ್ಲಿಟ್ಟು ಕೊಳ್ಳುವ ವ್ಯಾಪಾರದಂತೆಯೂ ಇಲ್ಲ. ಪಡೆದವರು ಪಡೆದೂ ತಮ್ಮ ಬುದ್ಧಿಯನ್ನು ಉಳಿಸಿಕೊಂಡಿರುವುದುಂಟು. ಹಾಗೆ ಉಳಿಸಿಕೊಂಡುದು ಧರ್ಮವೋ ದ್ರೋಹವೋ ಎಂಬುದನ್ನೇ ಇಲ್ಲಿ ವಿಚಾರಿಸಬೇಕಾಗಿದೆ.

ಋಣವೆಂದೊಡನೆ ಯಾರ ಋಣವೆಂಬ ಪ್ರಶ್ನೆ ಏಳುತ್ತದೆ. ನ್ಯಾಯಬೆಲೆಯ ಅಂಗಡಿಯಿಂದ ಬಂದ ಒಂದು ಚೀಲ ಅಕ್ಕಿಯನ್ನೇ ತೆಗೆದುಕೊಳ್ಳೋಣ. ತಲೆಗೆ ೫ ಕಿಲೋ ಧಾನ್ಯವನ್ನು ಹಕ್ಕಾಗಿ ಮಾಡಿದುದು ೨೦೧೩ರಲ್ಲಿ ಸಂಸತ್ತು ಅಂಗೀಕರಿಸಿದ ಆಹಾರ ಭದ್ರತೆಯ ಕಾಯಿದೆ. ಆಗ ದಿಲ್ಲಿಯಲ್ಲಿ ಆಳುತ್ತಿದ್ದ ಪಕ್ಷವೊಂದು. ೨೦೨೩ರ ಜನವರಿಯಿಂದ ಆ ಧಾನ್ಯವನ್ನು ಬೆಲೆಯಿಲ್ಲದೆ ಕೊಡಲಾರಂಭಿಸಿದ ಪಕ್ಷ ಇನ್ನೊಂದು. ಅದರ ಮೇಲೆ ಇನ್ನೂ ೫ ಕಿಲೋ ಕೊಡುವೆನೆಂದುದು ರಾಜ್ಯದ ಸರಕಾರ. ಅಕ್ಕಿ ದೊರೆಯದಿದ್ದಾಗ ೨೦೨೩ರ ಜುಲೈಯಿಂದ ಕೆಲವು ಕಾಲ ಕಿಲೋಗೆ ೩೪ ರೂಪಾಯಿಯಂತೆ ಹಣವನ್ನೇ ಅದು ಕೊಟ್ಟಿತು. ಆ ಅಕ್ಕಿಯನ್ನು ಕೆಸರಿನಲ್ಲಿ ನಿಂತು ಬೆಳೆದವನಂತೂ ಯಾವ ಪಕ್ಷದವನೋ ಶಿವನೇ ಬಲ್ಲ. ಅಕ್ಕಿಯ ಋಣವನ್ನು ಮತದಿಂದ ತೀರಿಸಬೇಕೆಂಬುದೇ ನಿಜವಾದರೆ ಯಳವತ್ತಿಯ ತಾಯಿಯೊಬ್ಬಳು ತನ್ನ ಒಂದು ಮತವನ್ನು ಮೂರು ತುಂಡು ಮಾಡಬೇಕಾದೀತು. ಬೆಳೆದ ರೈತನಿಗೆ ಆಗಲೂ ಏನೂ ಉಳಿಯದು.

ಇನ್ನೂ ಆಳಕ್ಕಿಳಿದರೆ ಆ ಹಣವೆಲ್ಲ ಎಲ್ಲಿಂದ ಬಂದಿತೆಂಬುದು ಕಾಣುತ್ತದೆ. ೨೦೨೪-೨೫ರ ರಾಜ್ಯದ ಆಯವ್ಯಯದಲ್ಲಿ ಗ್ಯಾರಂಟಿಗಳಿಗೆಂದು ತೆಗೆದಿರಿಸಿದುದು ಸುಮಾರು ೫೨,೦೦೦ ಕೋಟಿ ರೂಪಾಯಿ. ಅದೇ ವರ್ಷ ಮದ್ಯದ ಸುಂಕದಿಂದ ಬರಬೇಕೆಂದು ಗೊತ್ತುಪಡಿಸಿದುದು ೩೮,೦೦೦ ಕೋಟಿಗೂ ಮಿಗಿಲು. ಹೆಂಡತಿಯ ಖಾತೆಗೆ ಬಂದ ಹಣದಲ್ಲಿ ಗಂಡನು ಹೆಂಡದಂಗಡಿಯಲ್ಲಿ ಸುರಿದುದೂ ಒಂದು ಪಾಲಾಗಿ ಸೇರಿದೆಯೆಂಬುದು ಎಷ್ಟು ಕಹಿಯಾದರೂ ದಿಟ. ಕಡುಬಡವಿಯೂ ಸಾಬೂನಿನ ತುಂಡನ್ನು ಕೊಂಡಾಗ ಬೊಕ್ಕಸಕ್ಕೆ ತೆರಿಗೆಯನ್ನು ತೆತ್ತೇ ಬಂದಿರುತ್ತಾಳೆ. ಬೆಳೆದ ಬೆಳೆಯ ಆರನೆಯ ಒಂದು ಪಾಲನ್ನು ವೇತನವಾಗಿ ಪಡೆದು ರಾಜನು ಪ್ರಜೆಗಳನ್ನು ರಕ್ಷಿಸತಕ್ಕದ್ದೆಂದು ಬೋಧಾಯನ ಧರ್ಮಸೂತ್ರವು ವಿಧಿಸುತ್ತದೆ. ಕಿರೀಟವನ್ನು ಧರಿಸಿದ ಅರಸನನ್ನೇ ಆ ಶಾಸ್ತ್ರಕಾರನು ಕೂಲಿಯನ್ನುಂಡು ಕೆಲಸ ಮಾಡುವವನೆಂದು ಕಂಡಿರುವಾಗ, ಐದು ವರ್ಷಕ್ಕೊಮ್ಮೆ ಕೈಮುಗಿದು ಬರುವ ಜನಪ್ರತಿನಿಧಿಯು ಒಡೆಯನು ಹೇಗಾದಾನು? ಸೇವಕನು ಒಡೆಯನ ಕಣಜದಿಂದಲೇ ಒಡೆಯನಿಗೆ ಅಳೆದುಕೊಟ್ಟರೆ ಅಳತೆ ಸರಿಯಾಗಿದೆಯೇ ಎಂದು ನೋಡುವುದು ಒಡೆಯನ ಕೆಲಸ, ಕಾಲಿಗೆರಗುವುದಲ್ಲ.

ಶರಣರ ಚರಿತೆಯಲ್ಲಿ ಈ ಭೇದವನ್ನು ಸ್ಪಷ್ಟಪಡಿಸುವ ಪ್ರಸಂಗವೊಂದಿದೆ. ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದಾಗ, ಅರಸನ ಧನವನ್ನು ಜಂಗಮರಿಗೆ ಸುರಿಯುತ್ತಿದ್ದಾರೆಂದು ಕೊಂಡೆಯರು ದೂರಿತ್ತರು. ಬಿಜ್ಜಳನು ಲೆಕ್ಕವನ್ನು ಕೇಳಿದಾಗ ಭಂಡಾರದಲ್ಲಿ ಒಂದು ಹಣವೂ ಕಡಮೆಯಾಗಿರಲಿಲ್ಲವೆಂದು ಪುರಾಣಗಳು ವರ್ಣಿಸುತ್ತವೆ. ಭಕ್ತರು ಇದನ್ನು ಪವಾಡವೆಂದು ಕೇಳಿ ಕೈಮುಗಿಯುತ್ತಾರೆ. ಆದರೆ ಪವಾಡದೊಳಗಿನ ನೀತಿಯನ್ನೂ ಕಾಣಬೇಕು. ಎಲ್ಲರ ಧನವೇ ಬೇರೆ, ತನ್ನ ಕಾಯಕದಿಂದ ಬಂದ ಧನವೇ ಬೇರೆ. ದಾಸೋಹವು ಎರಡನೆಯದರಿಂದ ಮಾತ್ರ ಸಾಧ್ಯ. ದಾಸೋಹವೆಂಬ ಮಾತಿನೊಳಗೇ ನಾನು ದಾಸನೆಂಬ ಅರ್ಥವು ಅಡಗಿದೆ. ತನ್ನ ಬೆವರಿನದನ್ನು ಕೊಟ್ಟು ತಾನೇ ಕಿಂಕರನಾಗಿ ನಿಲ್ಲುವುದು ಅದರ ಲಕ್ಷಣ. ಪರರ ಧನವನ್ನು ಹಂಚಿ ಅಕ್ಕಿಯ ಚೀಲದ ಮೇಲೂ ಬಸ್ಸಿನ ಬೆನ್ನಿನ ಮೇಲೂ ತನ್ನ ಭಾವಚಿತ್ರವನ್ನು ಅಂಟಿಸಿಕೊಳ್ಳುವವನು, ಅವನು ಯಾವ ಪಕ್ಷದವನೇ ಆಗಿರಲಿ, ದಾಸೋಹಿಯಾಗಲಾರನು. ಅವನು ಮಾಡಿದುದು ಒಳ್ಳೆಯ ಆಡಳಿತವಿರಬಹುದು. ಅದಕ್ಕೆ ಒಳ್ಳೆಯ ಆಡಳಿತದ ಮನ್ನಣೆ ಸಲ್ಲಲಿ. ದಾನದ ಪುಣ್ಯವು ಅವನ ಪಾಲಿನದಲ್ಲ.

ಹಾಗಾದರೆ ಕೃತಜ್ಞತೆಗೆ ಎಡೆಯೇ ಇಲ್ಲವೇ ಎಂದು ಕೇಳುವವರುಂಟು. ಅವಶ್ಯವಾಗಿ ಉಂಟು. ಹಸಿದಾಗ ಬಂದ ಅನ್ನಕ್ಕೆ ಅದನ್ನು ಚೆಲ್ಲದಿರುವುದೂ, ತನಗಿಂತ ಹಸಿದವನಿಗೆ ಒಂದು ತುತ್ತನ್ನು ಕೊಡುವುದೂ ಕೃತಜ್ಞತೆ. ಲಂಚವನ್ನು ಕೇಳದೆ ಕಾಗದವನ್ನು ಮುಂದೆ ಕಳುಹಿದ ಅಧಿಕಾರಿಯನ್ನು ನಾಲ್ಕು ಜನರ ಮುಂದೆ ಹೊಗಳುವುದು ಕೃತಜ್ಞತೆ. ಮತವು ಮಾತ್ರ ಆ ಬಗೆಯ ನಾಣ್ಯವಲ್ಲ. ಮತವೆಂಬ ಶಬ್ದವು ಸಂಸ್ಕೃತದಲ್ಲಿ ಯೋಚಿಸು ಎಂಬರ್ಥದ ಮನ್ ಧಾತುವಿನಿಂದ ಬಂದುದು. ಮನನ, ಮತಿ, ಮತ ಇವು ಒಂದೇ ಮನೆಯ ಮಕ್ಕಳು. ಯೋಚಿಸಿ ನಿಶ್ಚಯಿಸಿದುದೇ ಮತ. ಯೋಚಿಸದೆ ತೀರಿಸಿದುದು ಕಂದಾಯ.

ಕೊಡುಗೆಯನ್ನು ಲೆಕ್ಕಕ್ಕೇ ಹಿಡಿಯಬಾರದೆಂದು ಇದರ ಅರ್ಥವಲ್ಲ. ಯೋಜನೆಯೊಂದು ಸರಕಾರದ ಗುಣಕ್ಕೆ ಸಾಕ್ಷಿಯಾಗಬಲ್ಲುದು. ಹಸಿದವರನ್ನು ನೆನೆಯಿತೇ, ಕೊಟ್ಟ ಮಾತನ್ನು ನಡೆಸಿತೇ, ಕೊಡುವ ಭರದಲ್ಲಿ ಶಾಲೆ, ಆಸ್ಪತ್ರೆ, ಕೆರೆಗಳನ್ನು ಮರೆಯಿತೇ ಎಂದು ತೂಗಿ ನೋಡಿ ಮೆಚ್ಚಿದರೆ ಮೆಚ್ಚಿ ಮತವನ್ನು ಕೊಡುವುದು ಯೋಗ್ಯವೇ. ಸಾಕ್ಷಿಯನ್ನು ತೂಗುವವನು ಸ್ವತಂತ್ರ. ಸಾಲಕ್ಕೆ ಬಿದ್ದವನು ಪರತಂತ್ರ. ತಾನು ಇವೆರಡರಲ್ಲಿ ಯಾರೆಂಬುದನ್ನು ತಿಳಿಯಲು ಗೃಹಸ್ಥನು ತನ್ನನ್ನೊಂದು ಮಾತು ಕೇಳಿಕೊಂಡರೆ ಸಾಕು: ಈ ನೆರವು ತನ್ನ ಮನೆಗೆ ಬಾರದೆ, ಅದಕ್ಕೆ ಅಷ್ಟೇ ಅರ್ಹವಾದ ನೆರೆಮನೆಗೆ ಮಾತ್ರ ಬಂದಿದ್ದರೆ ತಾನು ಇದೇ ಪಕ್ಷವನ್ನು ಮೆಚ್ಚುತ್ತಿದ್ದೆನೇ? ಅಹುದೆಂದು ಅಂತರಂಗವು ನುಡಿದರೆ ಅದು ಮತ. ಇಲ್ಲವೆಂದರೆ ಅದು ಬಡ್ಡಿ.

ಅಕ್ಕಿಯ ಮಾತು ಬಂದಲ್ಲಿ ಆಯ್ದಕ್ಕಿ ಲಕ್ಕಮ್ಮನನ್ನು ಮರೆಯುವಂತಿಲ್ಲ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚಾಗಿ ತಂದಾಗ, ಈ ಹೆಚ್ಚಿನದು ನಮಗೇಕೆ, ಮರಳಿ ಸುರಿದು ಬಾ ಎಂಬರ್ಥದಲ್ಲಿ ಆ ತಾಯಿಯು ಗಂಡನನ್ನು ಎಚ್ಚರಿಸಿದಳೆಂಬ ಕಥೆಯು ಭಕ್ತರಿಗೆಲ್ಲ ತಿಳಿದುದೇ. ಈ ಕಥೆಯನ್ನು ಹೇಳಿ, ಕೂಲಿಯವರು ಬಿಟ್ಟಿ ಅಕ್ಕಿಯಿಂದ ಸೋಮಾರಿಗಳಾದರೆಂದು ದೂರುವ ಹೊಲದೊಡೆಯರು ಅನೇಕರಿದ್ದಾರೆ. ಆದರೆ ಲಕ್ಕಮ್ಮನು ಎಚ್ಚರಿಸಿದುದು ತನ್ನ ಮನೆಯವನನ್ನು, ನೆರೆಮನೆಯವನನ್ನಲ್ಲ. ಆ ಕಥೆಯನ್ನು ಮೊದಲು ಕೇಳಿಸಿಕೊಳ್ಳಬೇಕಾದವನು ಹೇಳುವವನೇ. ೧೦ ಅಶ್ವಶಕ್ತಿಯವರೆಗಿನ ಪಂಪುಸೆಟ್ಟಿಗೆ ಬೆಲೆಯಿಲ್ಲದ ವಿದ್ಯುತ್ತು, ಬಡ್ಡಿಯಿಲ್ಲದ ಬೆಳೆಸಾಲ, ೨೦೧೭ರಲ್ಲಿಯೂ ೨೦೧೮ರಲ್ಲಿಯೂ ಘೋಷಿತವಾದ ಸಾಲಮನ್ನಾ, ೨೦೧೯ರಿಂದ ವರ್ಷಕ್ಕೆ ೬೦೦೦ ರೂಪಾಯಿಯ ಕಿಸಾನ್ ಸಮ್ಮಾನ್ ಹಣ, ಇವೆಲ್ಲ ಹೊಲವುಳ್ಳವನ ಮನೆಗೆ ಬಂದಾಗ ಅವನ್ನು ಹಕ್ಕೆಂದು ಕರೆದು, ಹೊಲವಿಲ್ಲದವನ ಅಕ್ಕಿಯನ್ನು ಬಿಟ್ಟಿಯೆಂದು ಕರೆಯುವ ನಾಲಗೆಯು ಲಿಂಗವಂತನ ನಾಲಗೆಯಾಗಬಾರದು. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹೇಳುವುದಾದರೆ, ರಾಜ್ಯದ ಆಯವ್ಯಯದಿಂದ ಮಠಗಳಿಗೂ ಅನುದಾನವು ಬಂದುದುಂಟು. ಮಠಗಳ ಶಾಲೆಗಳಲ್ಲಿ ಎಷ್ಟೋ ಶಿಕ್ಷಕರ ಸಂಬಳವು ಸರಕಾರದ ಅನುದಾನವೇ. ಅನುದಾನವನ್ನು ಪಡೆದ ಪೀಠದಿಂದ ಮತದ ಸೂಚನೆಯು ಹೊರಟರೆ ಅದು ಬಡವನು ಅಕ್ಕಿಗೆ ಮತವನ್ನಿತ್ತುದಕ್ಕಿಂತ ಭಾರವಾದ ದೋಷ. ಏಕೆಂದರೆ ಬಡವನಿಗೆ ಹಸಿವಿತ್ತು.

ಉದ್ಯೋಗದ ಕೊಡುಗೆಯು ಅಕ್ಕಿಗಿಂತ ಸೂಕ್ಷ್ಮವಾದುದು. ಹಳ್ಳಿಯ ಮನೆಯೊಂದರಲ್ಲಿ ಒಬ್ಬ ಮಗನಿಗೆ ಸರಕಾರಿ ನೌಕರಿ ದೊರೆತರೆ ಇಡೀ ಕುಟುಂಬದ ದೆಸೆಯೇ ತಿರುಗುತ್ತದೆ. ಆದುದರಿಂದಲೇ, ಇಂತಹ ನಾಯಕರು ಹಚ್ಚಿಸಿಕೊಟ್ಟರು, ಅವರ ಋಣವನ್ನು ಮರೆಯಬಾರದು ಎಂಬ ಮಾತು ಅಲ್ಲಿ ತಲೆಮಾರುಗಳವರೆಗೆ ನಡೆಯುತ್ತದೆ. ಇದನ್ನು ಎರಡು ಬಗೆಯಾಗಿ ನೋಡಬಹುದು. ಮಗನು ಪರೀಕ್ಷೆಯಲ್ಲಿ ತೇರ್ಗಡೆಯಾಗಿ ನ್ಯಾಯವಾಗಿ ಬಂದಿದ್ದರೆ ಅದು ಅವನ ಓದಿನ ಫಲ. ಯಾರ ಋಣವೂ ಇಲ್ಲ. ನ್ಯಾಯವನ್ನು ಮೀರಿ ಬಂದಿದ್ದರೆ, ಆ ಕುರ್ಚಿಯಲ್ಲಿ ಕುಳಿತಿರಬೇಕಾಗಿದ್ದ ಬೇರೊಬ್ಬ ಬಡವನ ಮಗನ ಋಣವುಂಟು; ನಾಯಕನದಲ್ಲ. ೨೦೨೧ರ ಅಕ್ಟೋಬರದಲ್ಲಿ ೫೪೫ ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಹುದ್ದೆಗಳಿಗೆ ನಡೆದ ಪರೀಕ್ಷೆಯಲ್ಲಿನ ಅಕ್ರಮಗಳು ಬಯಲಾಗಿ, ೨೦೨೨ರ ಏಪ್ರಿಲ್‌ನಲ್ಲಿ ಆ ನೇಮಕಾತಿಯನ್ನೇ ರದ್ದುಮಾಡಬೇಕಾಯಿತು. ಮರುಪರೀಕ್ಷೆ ನಡೆದುದು ೨೦೨೪ರ ಜನವರಿಯಲ್ಲಿ. ಅಲ್ಲಿಯವರೆಗೆ ಪ್ರಾಮಾಣಿಕವಾಗಿ ಓದಿದ ಮಕ್ಕಳು ಕಳೆದುಕೊಂಡ ಎರಡು ವರ್ಷಗಳನ್ನು ಯಾವ ಪಕ್ಷವು ತೀರಿಸೀತು?

ಒಳಗೆ ಸೇರಿದ ನೌಕರರಿಗೂ ಈ ವಿಚಾರವು ಅನ್ವಯಿಸುತ್ತದೆ. ೨೦೨೩ರ ಮಾರ್ಚ್ ೧ರಂದು, ಚುನಾವಣೆಗೆ ಎರಡೂವರೆ ತಿಂಗಳೂ ಉಳಿದಿರದಾಗ, ರಾಜ್ಯದ ನೌಕರರು ಮುಷ್ಕರವನ್ನು ಹೂಡಿದರು. ಅಂದೇ ಸರಕಾರವು ಶೇಕಡಾ ೧೭ರ ಮಧ್ಯಂತರ ಪರಿಹಾರವನ್ನು ಒಪ್ಪಿತು. ಅಂದೇ ಮುಷ್ಕರವೂ ನಿಂತಿತು. ನೌಕರನು ನ್ಯಾಯವಾದ ವೇತನವನ್ನು ಕೇಳುವುದು ತಪ್ಪಲ್ಲ. ಆದರೆ ಚುನಾವಣೆಯ ಹೊಸ್ತಿಲಲ್ಲಿ ಕೇಳಿದುದು ಒಂದೇ ದಿನದಲ್ಲಿ ಸಿಕ್ಕುವುದಾದರೆ, ಸಂಘಟನೆಯಿಲ್ಲದ ಕೂಲಿಯವಳು ವರ್ಷಗಟ್ಟಲೆ ಕಾಯುವುದೇಕೆಂಬುದನ್ನು ಕಾಯಕನಿಷ್ಠನು ಯೋಚಿಸಬೇಕು. ಸಂಬಳವು ಕಾಯಕಕ್ಕೆ ಸಂದುದೇ ಹೊರತು ನಿಷ್ಠೆಯ ಬೆಲೆಯಲ್ಲ.

ಕಟ್ಟಕಡೆಗೆ ಭಯದ ಮಾತು. ನಮ್ಮವರಿಗೆ ಮತ ಹಾಕದಿದ್ದರೆ ನಿನ್ನ ಹೆಸರು ಪಟ್ಟಿಯಿಂದ ಹೋದೀತೆಂದು ಕಟ್ಟೆಯ ಮೇಲೆ ಕುಳಿತವನು ಹೇಳಿದಾಗ ಮುದುಕಿಯೊಬ್ಬಳು ನಡುಗಬಹುದು. ಲಂಚವನ್ನೂ ಬೆದರಿಕೆಯನ್ನೂ ೧೯೫೧ರ ಜನಪ್ರಾತಿನಿಧ್ಯ ಕಾಯಿದೆಯ ೧೨೩ನೆಯ ಕಲಮು ಭ್ರಷ್ಟ ಆಚರಣೆಯೆಂದು ಎಣಿಸಿದೆ. ಪ್ರಣಾಳಿಕೆಯ ವಾಗ್ದಾನಗಳು ಮಾತ್ರ ಆ ಕಲಮಿಗೆ ಒಳಪಡುವುದಿಲ್ಲವೆಂದು ಸುಪ್ರೀಂ ಕೋರ್ಟು ೨೦೧೩ರಲ್ಲಿ ತೀರ್ಪಿತ್ತಿತು. ಆದುದರಿಂದ ವಾಗ್ದಾನವನ್ನು ತೂಗುವ ಹೊಣೆಯು ಮತದಾರನ ಅಂತಃಸಾಕ್ಷಿಗೇ ಬಿದ್ದಿದೆ. ಮತಗಟ್ಟೆಯ ಮರೆಯಲ್ಲಿ ನಿಂತ ಆ ಗಳಿಗೆಯಲ್ಲಿ ಮುದುಕಿಯನ್ನು ನೋಡುವವರು ಯಾರೂ ಇಲ್ಲ, ಕರಸ್ಥಲದ ಲಿಂಗವೊಂದಲ್ಲದೆ. ಅವಳ ಖಾತೆಗೆ ಬಂದ ಹಣ ಹೇಗೆ ಅವಳದೋ ಹಾಗೆಯೇ ಆ ಮತವೂ ಅವಳದು. ಗಂಡನದಲ್ಲ, ಮಗನದಲ್ಲ, ಓಣಿಯ ಹಿರಿಯನದಲ್ಲ. ಅವಳ ಭಯವನ್ನು ಹೋಗಲಾಡಿಸುವುದು ಓದುಬರಹ ಬಲ್ಲ ಭಕ್ತರ ಕರ್ತವ್ಯ. ಫಲಾನುಭವಿಗಳನ್ನು ಆರಿಸುವ ಅಧಿಕಾರವನ್ನು ೧೯೯೩ರ ಪಂಚಾಯತ್ ರಾಜ್ ಕಾಯಿದೆಯು ಗ್ರಾಮಸಭೆಗೆ ಕೊಟ್ಟಿದೆ. ಮನೆಯ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಎಲ್ಲರೆದುರು ಗಟ್ಟಿಯಾಗಿ ಓದಿಸಿದರೆ ಕಟ್ಟೆಯ ಮೇಲಿನವನ ಬಾಯಿ ತಾನಾಗಿಯೇ ಕಟ್ಟುತ್ತದೆ. ಬಸವಣ್ಣನವರ ಹೆಸರನ್ನಿಟ್ಟ ವಸತಿ ಯೋಜನೆಯಲ್ಲಿಯೂ ಮನೆ ಕೊಡಿಸಿದುದಕ್ಕೆ ಮತವನ್ನು ಕೇಳುವುದಾದರೆ ಆ ಹೆಸರನ್ನಿಟ್ಟುದು ವ್ಯರ್ಥ.

ಗದುಗಿನ ಸೀಮೆಗೆ ಈ ಸ್ವಾತಂತ್ರ್ಯವು ಹೊಸತಲ್ಲ. ಗದಗ ತಾಲೂಕಿನ ಕಣಗಿನಹಾಳದಲ್ಲಿ ೧೯೦೫ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಊರವರನ್ನು ಕೂಡಿಸಿ ಕಟ್ಟಿದ ಕೃಷಿ ಸಹಕಾರಿ ಪತ್ತಿನ ಸಂಘವು ದೇಶದಲ್ಲಿಯೇ ಮೊದಲನೆಯದೆಂದು ಪ್ರಸಿದ್ಧವಾಗಿದೆ. ಅಲ್ಲಿ ಸಾಲವನ್ನು ಪಡೆದ ರೈತನು ಯಾರ ಮುಂದೆಯೂ ತಲೆಬಾಗಿಸಬೇಕಾಗಿರಲಿಲ್ಲ. ಏಕೆಂದರೆ ಗಂಟು ತಮ್ಮದೆಂಬುದು ಪ್ರತಿಯೊಬ್ಬನಿಗೂ ತಿಳಿದಿತ್ತು. ರಾಜ್ಯದ ಬೊಕ್ಕಸವೂ ಅಂತಹದೇ ಒಂದು ದೊಡ್ಡ ಗಂಟು. ಬೇಕಾದವನು ನಾಚದೆ ಪಡೆಯಲಿ, ಬೇಡವಾದವನು ಲಕ್ಕಮ್ಮನಂತೆ ಮರಳಿಸಲಿ, ಕೊಡುವವನು ಬೀಗದೆ ಲೆಕ್ಕವನ್ನೊಪ್ಪಿಸಲಿ. ಯಳವತ್ತಿಯ ಆ ತಾಯಿಯು ಅಕ್ಕಿಯನ್ನು ಹಸನುಮಾಡಿ ಒಲೆಗಿಡುವಾಗ ಶಿವನನ್ನು ನೆನೆಯಲಿ, ಬೆಳೆದವನನ್ನು ನೆನೆಯಲಿ. ಮತಗಟ್ಟೆಗೆ ಹೋಗುವಾಗ ಊರ ಮಕ್ಕಳೆಲ್ಲರ ನಾಳೆಯನ್ನು ನೆನೆಯಲಿ. ಉಂಡ ಮನೆಗೆ ಎರಡು ಬಗೆಯಬಾರದೆಂಬ ಹಿರಿಯರ ಮಾತು ಆಗಲೂ ಸುಳ್ಳಾಗದು. ಅವಳು ಉಂಡ ಮನೆಯು ಯಾವ ಪಕ್ಷದ ಕಚೇರಿಯೂ ಅಲ್ಲ, ಈ ನಾಡೇ ಆಗಿದೆ.